ದನಿಗೆ ಸಿಕ್ಕ ಒಪ್ಪಿಗೆ

ಎರಡು ಸಾವಿರದ ಇಸವಿಯ ಆಚೀಚೆಯ ವರ್ಷಗಳಲ್ಲಿ ನಾನು ಕೋಲಾರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದೆ. ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಡುತ್ತಿದ್ದ ಮೇಷ್ಟ್ರೊಬ್ಬರು ಶನಿವಾರ ಮಧ್ಯಾಹ್ನದ ಬಸ್ಸಿಗೆ ನಮ್ಮ ಲ್ಯಾಬಿಗೆ ಬರುತ್ತಿದ್ದರು. ಅವರಿಗೆ ಹುಟ್ಟಿನಿಂದ ಕಣ್ಣು ಕಾಣದು. ಕನ್ನಡ ಬರಹವನ್ನು ಕಂಪ್ಯೂಟರ್ ಓದಿ ಹೇಳುವಂತಾಗಬೇಕು ಎಂಬುದು ಅವರ ಆಸೆ.

ಕಡತದ ಅಕ್ಷರಗಳನ್ನು ಗುರುತಿಸುವ ತಂತ್ರಾಂಶ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ನಮ್ಮ ಲಿನಕ್ಸ್ ವ್ಯವಸ್ಥೆಯಲ್ಲಿ ಇತ್ತು. ದನಿ ಹೊರಡಿಸುವ ತಂತ್ರಾಂಶವನ್ನು ಬೇರೆ ಬಗೆಯ ಕಂಪ್ಯೂಟರಿಗೆಂದು ಪರದೇಶದ ಮೂವರು ಬರೆದಿದ್ದರು. ಅದನ್ನು ಇಲ್ಲಿಗೆ ಒಗ್ಗಿಸಿ, ಕನ್ನಡದ ಉಚ್ಚಾರಣೆ ಕಲಿಸಿ, ಎರಡನ್ನೂ ಬೆಸೆಯಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಅದು ಮೊದಲ ವಾಕ್ಯ ಓದಿದಾಗ ಮೇಷ್ಟ್ರು ಸ್ಪೀಕರಿನ ಮೇಲೆ ಕೈಯಿಟ್ಟುಕೊಂಡೇ ಕೂತರು.

ಎಲ್ಲರಿಗೂ ಸಿ.ಡಿ. ಹಂಚೋಣ ಎಂದು ಹೊರಟು, ಎರಡೂ ತಂತ್ರಾಂಶಗಳ ಪರವಾನಗಿಗಳನ್ನು ಆಗ ಸರಿಯಾಗಿ ಓದಿದೆ. ದನಿಯ ಭಾಗವನ್ನು ಯಾರೂ ಮಾರಬಾರದು ಎಂದು ಒಂದು ಹೇಳುತ್ತಿತ್ತು. ಅಕ್ಷರದ ಭಾಗವನ್ನು ಬೇರೆಯದರೊಡನೆ ಬೆಸೆದು ಹಂಚುವುದಾದರೆ, ಮಾರಬಾರದೆಂಬುದೂ ಸೇರಿ ಯಾವ ನಿರ್ಬಂಧವನ್ನೂ ಹೇರಕೂಡದು ಎಂದು ಇನ್ನೊಂದು. ಒಂದರ ಮಾತು ಕೇಳಿದರೆ ಇನ್ನೊಂದರದು ಮುರಿಯುತ್ತಿತ್ತು.

“ದೇವುಡಾ! ಇಬ್ರೂ ಸುಮ್ನೆ ಕೊಡೋರೇ ಅಲ್ವಾ ಮೇಡಂ, ಮತ್ತೇನು ತಕರಾರು?” ಎಂದರು ಮೇಷ್ಟ್ರು.

ಮಾರಬಾರದೆಂಬ ಷರತ್ತನ್ನು ತೆಗೆಯುವಿರಾ ಎಂದು ಕೇಳಿ, ದನಿಯ ತಂತ್ರಾಂಶ ಬರೆದವರಿಗೆ ಇಮೇಲ್ ಕಳಿಸಿದೆ. ‘ನಾವಿಬ್ಬರೂ ಷರತ್ತು ತೆಗೆಯಲು ಸಿದ್ಧ. ಮೂರನೆಯವನು ತೀರಿಕೊಂಡಿದ್ದಾನೆ. ಅವನ ಪಾಲಿನ ಹಕ್ಕು ಈಗ ಅವನ ತಾಯಿಯದು’ ಎಂಬ ಉತ್ತರ ಬಂತು. ವಾರ ಕಳೆದ ಮೇಲೆ ಆ ತಾಯಿಯೇ ಕೇಳಿ ಕಳಿಸಿದರು: ‘ನನ್ನ ಮಗನ ಕೆಲಸವನ್ನು ಅಲ್ಲಿ ಕೇಳಿಸಿಕೊಳ್ಳುವವರು ಯಾರು?’

ಅದನ್ನು ಮೇಷ್ಟ್ರಿಗೆ ಓದಿ ಹೇಳಿದೆ. ಅವರು ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡು, “ಹಿಂಗೆ ಬರೀರಿ ಮೇಡಂ. ಮೂವತ್ತು ವರ್ಷ ಬೇರೆಯೋರ ಬಾಯಲ್ಲಿ ಓದಿಸ್ಕೊಂಡು ಪಾಠ ಮಾಡ್ದೋನು ನಾನು. ಹೋದ್ ವಾರ ಒಬ್ನೇ ಕೂತ್ಕೊಂಡು ಒಂದು ಪುಟ ಓದ್ದೆ” ಎಂದರು. ಅಷ್ಟನ್ನೇ ಇಂಗ್ಲಿಷಿಗೆ ಇಳಿಸಿ ಕಳಿಸಿದೆ.

ತಿಂಗಳ ನಂತರ ಅಂಚೆಯಲ್ಲಿ ಒಪ್ಪಿಗೆಪತ್ರ ಬಂತು. ಕೆಳಗೆ ಆ ತಾಯಿಯ ಸಹಿ. ನಮ್ಮೂರು ಎಲ್ಲಿದೆಯೆಂದೂ ಅರಿಯದ ಹೆಂಗಸು ನಾವು ಕೇಳಿದ್ದನ್ನು ಕೊಟ್ಟೇಬಿಟ್ಟಿದ್ದರು. ಎಷ್ಟೋ ಹೊತ್ತು ನಾನು ಆ ಕಾಗದವನ್ನು ಮೇಜಿನ ಮೇಲಿಡಲಿಲ್ಲ.

ಹೊಸ ಪರವಾನಗಿಯಲ್ಲಿ ಮೂವರ ಹೆಸರನ್ನೂ ಕನ್ನಡದಲ್ಲಿ ಬರೆದೆ. ಮೇಷ್ಟ್ರು ಮೊದಲು ಅದನ್ನೇ ಓದಿಸಿದರು. ತೀರಿಕೊಂಡವನ ಹೆಸರಿನಲ್ಲಿ ಯಂತ್ರ ತಡವರಿಸಿತು. “ಇನ್ನೊಂದ್ಸಲ” ಎಂದರು. ಮತ್ತೆ ತಡವರಿಸಿತು. ನಾನು ಆ ಹೆಸರಿನ ಉಚ್ಚಾರಣೆ ತಿದ್ದಲು ಕೂತೆ. ಅದು ಸರಿಯಾಗುವತನಕ ಅವರು ಬಸ್ಸಿಗೆ ಏಳಲಿಲ್ಲ.