ಗುಂಡ್ಲುಪೇಟೆಗೆ ಬಂದ ಚೀನಾ ಅಜ್ಜಿ

ಪಿಸುಮಾತು ಎನ್ನುವುದು ನಮ್ಮ ಮಾವನವರಿಗೆ ಗೊತ್ತಿಲ್ಲ. ಗುಂಡ್ಲುಪೇಟೆಯ ಒಂದು ಈರುಳ್ಳಿ ಮಂಡಿಯಲ್ಲಿ ಹರಾಜು ಕೂಗುವುದು ಅವರ ಕೆಲಸ. ಮೂಟೆಯ ಮೇಲೆ ಹತ್ತಿ ನಿಂತು ಅವರು "ಒಂದ್ ಸಾರೀ" ಎಂದರೆ ಕೇರಳಕ್ಕೆ ಹೊರಟ ಲಾರಿಯ ಡ್ರೈವರ್ ಕೂಡ ಹೆದ್ದಾರಿಯಲ್ಲಿ ಒಮ್ಮೆ ತಿರುಗಿ ನೋಡುತ್ತಾನೆ. ಮನೆಯಲ್ಲೂ ಅದೇ ಗಂಟಲು. ನೀರು ಕೇಳಿದರೂ ಹರಾಜು, ಚಪ್ಪಲಿ ಹುಡುಕಿದರೂ ಹರಾಜು. ನಾನು ಮದುವೆಯಾಗಿ ಬಂದ ಹೊಸತರಲ್ಲಿ, ಊಟಕ್ಕೆ ಕೂತವರು "ಉಪ್ಪು!" ಎಂದು ಕೂಗಿದ್ದಕ್ಕೆ ಮನೆಗೆ ಬೆಂಕಿ ಬಿತ್ತೆಂದುಕೊಂಡು ಹಿತ್ತಲಿಗೆ ಓಡಿದ್ದೆ.

ಈ ಗದ್ದಲದಲ್ಲಿ ನಮ್ಮ ಅತ್ತೆಯ ಯಾವ ಮಾತೂ ಕೊನೆ ಮುಟ್ಟುತ್ತಿರಲಿಲ್ಲ. ಅವರು ಶುರು ಮಾಡುತ್ತಿದ್ದರು, ಮಾವ ಮುಗಿಸುತ್ತಿದ್ದರು, ಅದೂ ಬೇರೆ ಯಾವುದೋ ವಿಷಯದಲ್ಲಿ. ಅತ್ತೆಯ ತವರು ಹರದನಹಳ್ಳಿ. ಅಲ್ಲಿಯ ಒಂದು ಕರುವಿನ ಕತೆಯನ್ನು ಅವರು ಮಾವನ ಎದುರಿಗೆ ಎಷ್ಟೋ ಸಲ ಶುರು ಮಾಡಿದ್ದನ್ನು ಕೇಳಿದ್ದೇನೆ. ಕರು ಪ್ರತಿ ಸಲವೂ ಹಗ್ಗ ಬಿಚ್ಚಿಕೊಂಡು ಓಡುವಷ್ಟರಲ್ಲಿ ಮಾವ ಕಾಫಿ ಕೇಳುತ್ತಿದ್ದರು. ಆ ಕರು ಸಿಕ್ಕಿತೋ ಇಲ್ಲವೋ ನನಗೆ ಬಹಳ ಕಾಲ ಗೊತ್ತಾಗಲಿಲ್ಲ.

ಆ ವರ್ಷ ಹಿಂಗಾರು ಮಳೆ ಒಂದೆರಡು ಸಲ ಮುಖ ತೋರಿಸಿ ತಮಿಳುನಾಡಿನ ಕಡೆ ಹೊರಟುಹೋಯಿತು. ದೀಪಾವಳಿ ಮುಗಿಯುತ್ತಲೇ ಒಣಗಾಳಿ ಶುರುವಾಯಿತು. ತುಟಿ ಒಡೆಯಿತು, ಹಿಮ್ಮಡಿ ಒಡೆಯಿತು, ಒಗೆದ ಸೀರೆ ಹಿಂಡಿ ಹರವುವಷ್ಟರಲ್ಲಿ ಗರಿಗರಿಯಾಯಿತು. ಮಂಡಿಯಲ್ಲಂತೂ ಈರುಳ್ಳಿ ಸಿಪ್ಪೆ ಗಾಳಿಗೆದ್ದು ಎಲ್ಲರ ತಲೆಯ ಮೇಲೂ ಕೂತಿತ್ತು. ಮಾವನಿಗೆ ಪ್ರತಿ ಕಾರ್ತಿಕದಲ್ಲೂ ಒಣಕೆಮ್ಮು ಬರುತ್ತದೆ. ಈ ಸಲ ಕೆಮ್ಮಿನ ಜೊತೆ ಗಂಟಲೂ ಹೋಯಿತು. ಬಾಯಿ ತೆರೆದರೆ ಹಳೆ ಬಾಗಿಲು ತಳ್ಳಿದಂಥ ಸದ್ದು ಬರುತ್ತಿತ್ತು.

ಡಾಕ್ಟರು ನೋಡಿ, ಗಾಬರಿ ಏನಿಲ್ಲ, ಗಂಟಲು ಒಣಗಿದೆ, ಮಾತು ಕಡಿಮೆ ಮಾಡಿ ಎಂದರು. ಗಾಬರಿಪಡಿಸಿದ್ದು ಮಂಡಿಯ ಸಾಹುಕಾರರ ಮಗ. ಹೊಸದಾಗಿ ವ್ಯವಹಾರ ಕೈಗೆ ತೆಗೆದುಕೊಂಡಿದ್ದ ಆ ಹುಡುಗ ಕೊರಳಿಗೆ ಹಾಕಿಕೊಳ್ಳುವ ಒಂದು ಮೈಕು ತರಿಸಿಟ್ಟಿದ್ದ. ಮುಂದಿನ ವಾರದ ಬುಧವಾರ ಕೇರಳದ ದೊಡ್ಡ ವ್ಯಾಪಾರಿಗಳೆಲ್ಲ ಬರುವವರಿದ್ದರು. "ಅಷ್ಟೊತ್ಗೆ ಗಂಟ್ಲು ಬಂದ್ರೆ ಸರಿ, ಇಲ್ದಿದ್ರೆ ಬೇರೆಯವ್ರು ಮೈಕಲ್ಲಿ ಕೂಗ್ತಾರೆ. ನೀವು ಆರಾಮಾಗಿ ಕುರ್ಚಿ ಮೇಲೆ ಕೂತ್ಕಳಿ" ಎಂದನಂತೆ. ಕುರ್ಚಿ ಎನ್ನುವ ಮಾತು ಮಾವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಅಂದು ಅವರು ಸರಿಯಾಗಿ ಊಟ ಮಾಡಲಿಲ್ಲ, ಬೈಯಲು ಗಂಟಲೂ ಇರಲಿಲ್ಲ. ಗೋಡೆ ನೋಡುತ್ತ ಕೂತಿದ್ದ ಅವರನ್ನು ಕಂಡು ನನಗೆ ನಿಜಕ್ಕೂ ಪಾಪ ಅನ್ನಿಸಿತು.

ನಾನು ಚಾಮರಾಜನಗರದ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ದಿನಾ ತೆರಕಣಾಂಬಿ ಮೇಲೆ ಬಸ್ಸಿನಲ್ಲಿ ಓಡಾಟ. ಸೀಟು ಸಿಕ್ಕರೆ ಫೋನು, ಸಿಗದಿದ್ದರೆ ಪಕ್ಕದವರ ಫೋನು. ಹಾಗೆ ನೋಡುತ್ತಿರುವಾಗ ಸಿಕ್ಕವರು ಒಬ್ಬ ಚೀನಾ ಅಜ್ಜಿ. ಬೆಳ್ಳಿ ಕೂದಲು, ಹೂವಿನ ಏಪ್ರನ್ನು, ಮುಖದಲ್ಲಿ ನಮ್ಮ ಊರಿನ ಯಾವ ಅಜ್ಜಿಗೂ ಕಡಿಮೆಯಿಲ್ಲದ ಗತ್ತು. ಕೆಳಗೆ ಇಂಗ್ಲಿಷಿನಲ್ಲಿ ಸಾಲುಗಳು ಬರುತ್ತಿದ್ದವು. ಮಳೆ ಮುಗಿದ ಮೇಲಿನ ಒಣಹವೆ ಮೊದಲು ತಗಲುವುದು ಶ್ವಾಸಕೋಶಕ್ಕೆ, ಅದನ್ನು ಒದ್ದೆ ಮಾಡಬೇಕು ಎಂದು ಅವರ ವೈದ್ಯಪದ್ಧತಿ ಹೇಳುತ್ತದಂತೆ. ಮರಸೇಬಿನ ತಲೆ ಕತ್ತರಿಸಿ, ಬೀಜ ತೋಡಿ, ಒಳಗೆ ಕಲ್ಲುಸಕ್ಕರೆ ತುಂಬಿ, ತಲೆಯನ್ನು ಮತ್ತೆ ಮುಚ್ಚಳ ಮಾಡಿ ಹಬೆಯಲ್ಲಿ ಬೇಯಿಸಬೇಕು. ಖಾರ, ಶುಂಠಿ, ಬೆಳ್ಳುಳ್ಳಿ, ಈರುಳ್ಳಿ ಒಣಗಿಸುತ್ತವೆ, ಬಿಡಬೇಕು. ಬೇಗ ಮಲಗಬೇಕು, ಸಂಜೆ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕೂರಬೇಕು. ಅಂದು ಸಂಜೆ ನಾನು ಚಾಮರಾಜನಗರದ ಬಸ್ ಸ್ಟ್ಯಾಂಡಿನ ಗಾಡಿಯಲ್ಲಿ ಮರಸೇಬು ಕೊಂಡೇ ಬಸ್ಸು ಹತ್ತಿದೆ.

ಮೊದಲು ತಕರಾರು ತೆಗೆದವರು ಅತ್ತೆ. "ಕೆಮ್ಮೋರ್ಗೆ ಹಣ್ಣು ಕೊಟ್ಟಾರಾ? ಮರಸೇಬು ಶೀತ ಕಣಮ್ಮಿ. ಕಫ ಕಟ್ಕಂಡದು."

"ಬೇಯಿಸಿದ್ರೆ ಶೀತ ಹೋಗ್ತದೆ ಅತ್ತೆ. ಚೀನಾದಲ್ಲೂ ಶೀತ ಉಷ್ಣ ಎಲ್ಲಾ ನೋಡ್ತಾರೆ."

"ನೋಡ್ತಾರಾ?" ಅತ್ತೆಗೆ ಚೀನಾದ ಮೇಲೆ ತಟ್ಟನೆ ಗೌರವ ಬಂತು. ಉಷ್ಣ ಶೀತ ತಿಳಿಯದವರು ಡಾಕ್ಟರುಗಳು ಮಾತ್ರ ಎಂದು ಅವರು ಮೊದಲಿನಿಂದ ನಂಬಿದ್ದಾರೆ. ಇನ್ನೊಂದು ವಿಡಿಯೊದಲ್ಲಿ ಆ ಅಜ್ಜಿ ಬಿಳಿ ಅಣಬೆ ತೆಗೆದಾಗ ಮಾತ್ರ ಆ ಗೌರವ ಸ್ವಲ್ಪ ಅಲ್ಲಾಡಿತು. "ನಾಯಿಕೊಡೆ ಮನೆ ಒಳಕ್ಕೆ ಬಂದ್ರೆ ನಾನು ಆಚ್ಕ ಓಗ್ಬುಡ್ತೀನಿ" ಎಂದರು. ಅಣಬೆಯನ್ನು ಕೈಬಿಟ್ಟೆವು. ಕಲ್ಲುಸಕ್ಕರೆ ದೇವರ ಮನೆಯಲ್ಲಿತ್ತು, ಬಿಳಿಗಿರಿರಂಗನ ಬೆಟ್ಟದ ಜೇನು ಗೋಡೆಗೂಡಿನಲ್ಲಿತ್ತು, ಹಬೆಗೆ ಇಡ್ಲಿ ಪಾತ್ರೆ ಇತ್ತು.

ಈರುಳ್ಳಿ ಬಿಡಬೇಕು ಎಂದಾಗ ಮಾವ ನನ್ನನ್ನು ನೋಡಿದ ನೋಟ ನೆನಪಿದೆ. ಆ ಮನೆ, ಆ ಬೈಕು, ನನ್ನ ಗಂಡನ ಓದು ಎಲ್ಲ ಈರುಳ್ಳಿಯಿಂದಲೇ ಬಂದದ್ದು. ಆದರೂ ಬುಧವಾರದ ಮುಂದೆ ಏನು ಮಾಡುವುದು? ತಲೆ ಅಲ್ಲಾಡಿಸಿದರು. ಈರುಳ್ಳಿ ಮೂಟೆಗಳು ಜಗುಲಿಯಲ್ಲಿ ಸಾಲಾಗಿ ಕೂತಿದ್ದವು, ಒಳಗೆ ನಾವು ಸಪ್ಪೆ ಸಾರು ಉಣ್ಣುತ್ತಿದ್ದೆವು. ನನ್ನ ಗಂಡ ಯಾವ ಪಕ್ಷಕ್ಕೂ ಸೇರದೆ ಹೋಟೆಲಿನ ಪಕ್ಷಕ್ಕೆ ಸೇರಿಕೊಂಡರು.

ಮಾತಿಲ್ಲದ ಮಾವ ಒಂದು ಉಪಾಯ ತೆಗೆದರು. ಹುಡುಗರಾಗಿದ್ದಾಗ ಅವರು ತಮ್ಮಪ್ಪನ ಜೊತೆ ದನದ ಸಂತೆಗೆ ಹೋಗುತ್ತಿದ್ದರಂತೆ. ಅಲ್ಲಿ ಟವೆಲಿನ ಅಡಿಯಲ್ಲಿ ಕೈ ಹಿಡಿದು, ಬೆರಳು ಅದುಮಿ ಬೆಲೆ ಹೇಳುತ್ತಾರೆ, ಸುತ್ತ ನಿಂತವರಿಗೆ ಗುಟ್ಟು ತಿಳಿಯುವುದಿಲ್ಲ. ಮಾವ ಹೆಗಲ ಟವೆಲನ್ನು ಕೈ ಮೇಲೆ ಹೊದಿಸಿಕೊಂಡು ಅತ್ತೆಯ ಮುಂದೆ ಚಾಚಿದರು. ಅತ್ತೆ ಅನುಮಾನಿಸುತ್ತ ಕೈ ಹಾಕಿದರು. ಮಾವ ಎರಡು ಬೆರಳು ಅದುಮಿದರು.

"ಏನಂತೆ ಅತ್ತೆ?" ಎಂದೆ.

"ಕಾಫಿ ಬ್ಯಾಡ್ವಂತೆ" ಎಂದರು ಅತ್ತೆ. ಮಾವ ಎರಡು ಕೈಯನ್ನೂ ಜೋರಾಗಿ ಆಡಿಸಿದರು. "ಊಟವೂ ಈಗ್ಲೇ ಬ್ಯಾಡ್ವಂತೆ" ಎಂದು ಅತ್ತೆ ಎದ್ದು ಹೋದರು.

ಅತ್ತೆಯ ಮುಖದಲ್ಲಿ ಅಂಥ ಬೆಳಕನ್ನು ನಾನು ಅದೇ ಮೊದಲು ನೋಡಿದ್ದು. ಮರುದಿನ ಬೆಳಿಗ್ಗೆ ಬಸ್ಸಿಗೆ ಹೊರಟಿದ್ದಾಗ ನನ್ನನ್ನು ಬಾಗಿಲ ಹಿಂದಕ್ಕೆ ಎಳೆದುಕೊಂಡರು. "ಅಮ್ಮಿ, ಆ ಅಜ್ಜಿ ಸಾರಿನ ವಿಸ್ಯ ಏನಾರ ಹೇಳವಳಾ? ಉಣ್ಣೋವಾಗ ಸಾರಿಗೆ ಹೆಸ್ರಿಡಬಾರ್ದು ಅಂತ?"

ನಾನು ಬ್ಯಾಂಕಿನವಳು, ಸುಳ್ಳು ಲೆಕ್ಕ ಬರೆಯುವವಳಲ್ಲ. ಆದರೆ ಅತ್ತೆಯ ಮುಖ ನೋಡಿದರೆ ಇಲ್ಲ ಎನ್ನಲಾಗಲಿಲ್ಲ. "ಇವತ್ತು ಹೇಳಬಹುದು" ಎಂದೆ. ಸಂಜೆ ಫೋನು ಹಿಡಿದು ಮಾವನ ಮುಂದೆ ಕೂತು ಗಂಭೀರವಾಗಿ ಓದಿದೆ: ಶರತ್ಕಾಲದಲ್ಲಿ ಊಟ ಮಾಡುವಾಗ ಉಪ್ಪು ಖಾರದ ಬಗ್ಗೆ ಮುಖ ಸಿಂಡರಿಸಿದರೆ ಗಂಟಲಿನ ನರ ಬಿಗಿಯುತ್ತದೆ. ಮಾವ ತಲೆ ಆಡಿಸಿದರು. ಅಲ್ಲಿಂದ ಚೀನಾ ಅಜ್ಜಿಯ ಜ್ಞಾನ ದಿನೇ ದಿನೇ ಬೆಳೆಯಿತು. ಒದ್ದೆ ಟವೆಲನ್ನು ಮಂಚದ ಮೇಲೆ ಎಸೆದರೆ ಶ್ವಾಸಕೋಶಕ್ಕೆ ಆಗುವುದಿಲ್ಲ. ಹೆಂಡತಿಯ ತಮ್ಮ ಮನೆಗೆ ಬಂದಾಗ ಎದ್ದು ನಿಂತು ಮಾತಾಡಿಸಿದರೆ ಕಫ ಕರಗುತ್ತದೆ. ಹುಚ್ಚೆಳ್ಳು ಚಟ್ನಿ ಗಂಟಲಿಗೆ ಬಹಳ ಒಳ್ಳೆಯದು. ಹುಚ್ಚೆಳ್ಳು ಚಟ್ನಿ ಅತ್ತೆಗೆ ಪ್ರಾಣ, ಮಾವ ಅದನ್ನು ಕಂಡರೆ ಮಾರು ದೂರ. ಚೀನಾದಲ್ಲಿ ಹುಚ್ಚೆಳ್ಳು ಬೆಳೆಯುತ್ತಾರಾ ಎಂದು ಮಾವ ಹುಬ್ಬಿನಲ್ಲೇ ಕೇಳಿದರು. ಈಗ ಬೆಳೆಯುತ್ತಾರೆ ಎಂದೆ.

ಇಷ್ಟಾದರೂ ಗಂಟಲು ತೆರೆಯಲಿಲ್ಲ. ಶನಿವಾರ ಸಂಜೆ ಮಾವ ಇನ್ನೂ ಹೆಚ್ಚು ಕೆಮ್ಮುತ್ತ ಬಂದರು. ಅತ್ತೆ ಹತ್ತಿರ ಹೋಗಿ ಮೂಗು ಅರಳಿಸಿದರು. "ಚುಕ್ಕು ಕಾಪಿ!" ಮಂಡಿಗೆ ಬಂದ ಮಲಯಾಳಿ ವ್ಯಾಪಾರಿ ಒಬ್ಬರು ಪ್ರೀತಿಯಿಂದ ಒಣಶುಂಠಿ ಕಾಫಿ ಕುಡಿಸಿದ್ದರು. ಒಂದಲ್ಲ, ಲೋಟದ ಮೇಲೆ ಲೋಟ. ಒಣಗಿದ ಗಂಟಲಿಗೆ ಒಣಶುಂಠಿ. ಚೀನಾಕ್ಕೂ ಕೇರಳಕ್ಕೂ ನಮ್ಮ ಜಗುಲಿಯಲ್ಲಿ ಯುದ್ಧ ನಡೆದು ಮಾವ ನಡುವೆ ಸಿಕ್ಕಿಕೊಂಡಿದ್ದರು. ನಾನು ಗದರಬೇಕೆಂದುಕೊಂಡೆ. ಆದರೆ ಅವರು ಎರಡು ಬೆರಳಿನಲ್ಲಿ ಗಂಟಲು ಹಿಡಿದುಕೊಂಡು, ಕೂಗಲು ಬಾಯಿ ತೆರೆದು, ಏನೂ ಬಾರದೆ ಮುಚ್ಚಿಕೊಂಡರು. ಕಣ್ಣಲ್ಲಿ ನೀರಿತ್ತು. ಕೆಮ್ಮಿನದಿರಬಹುದು ಎಂದುಕೊಂಡು ನಾನು ಒಳಗೆ ಹೋದೆ.

ಭಾನುವಾರ ಮನೆಯಲ್ಲೇ ಇದ್ದೆ. ಅಜ್ಜಿಯ ನಿಜವಾದ ವಿಡಿಯೊ ಒಂದನ್ನು ಅತ್ತೆಗೆ ಓದಿ ಹೇಳುತ್ತಿದ್ದೆ. ಈ ಕಾಲದಲ್ಲಿ ದುಃಖ ಶ್ವಾಸಕೋಶಕ್ಕೆ ಇಳಿಯುತ್ತದೆ, ಒಳಗೇ ಇಟ್ಟುಕೊಂಡರೆ ಎದೆ ಒಣಗುತ್ತದೆ ಎಂದಿತ್ತು.

"ಇದು ನೀನು ಹೇಳಿದ್ದಾ, ಆವಮ್ಮ ಹೇಳಿದ್ದಾ?"

"ಆಯಮ್ಮನೇ ಹೇಳಿದ್ದು ಅತ್ತೆ. ಈ ಸಲ ನಿಜ."

ಅತ್ತೆ ಬಿಸಿನೀರಿನ ಬೇಸಿನ್ನು ಎತ್ತಿಕೊಂಡು ಹೋಗಿ ಮಾವನ ಕಾಲ ಹತ್ತಿರ ಇಟ್ಟರು. ಮಾವ ಕಾಲು ಇಳಿಬಿಟ್ಟರು. ಅತ್ತೆ ಎದುರಿಗೆ ಮಣೆ ಹಾಕಿ ಕೂತು ಮಾತಾಡಲು ಶುರು ಮಾಡಿದರು. ನಾನು ಅಡುಗೆಮನೆಯಲ್ಲಿ ಮರಸೇಬು ನೋಡಿಕೊಳ್ಳುತ್ತಿದ್ದೆ ಎಂದು ಹೇಳಬೇಕು. ನಿಜವಾಗಿ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದೆ. ಕರು ಸಿಕ್ಕಿತು. ಹರದನಹಳ್ಳಿಯ ಕೆರೆ ಏರಿಯ ಮೇಲೆ, ಯಾರದೋ ಹುರುಳಿ ಮೇಯುತ್ತಿತ್ತಂತೆ. ಕತೆಗಳು ಒಂದರ ಹಿಂದೆ ಒಂದು ಬಂದವು. ಮಾವ ಒಂದಕ್ಕೂ ಅಡ್ಡ ಬರಲಿಲ್ಲ, ಬರುವ ಹಾಗೂ ಇರಲಿಲ್ಲ. ನೀರು ಆರಿದರೂ ಕಾಲು ತೆಗೆಯಲಿಲ್ಲ.

ಮಂಗಳವಾರ ಸಂಜೆ ಅತ್ತೆ ಬೇರೆಯದೇ ಒಂದನ್ನು ತೆಗೆದರು. "ನಮ್ಮಪ್ಪ ಈರುಳ್ಳಿ ಏರ್ಕಂಡು ಗುಂಡ್ಲುಪೇಟೆಗೆ ಬರೋರು. ಒಂದ್ ದಪ ನಾನೂ ಗಾಡಿ ಹತ್ಬುಟ್ಟೆ. ಮಂಡಿ ಇನ್ನೂ ದೂರ್ದಲ್ಲಿ ಅದೆ, ಆಗ್ಲೇ ಯಾರೋ ಕೂಗೋದು ಕೇಳ್ತು. ಅಬ್ಬಬ್ಬಾ, ಏನ್ ಗಂಟ್ಲು! ಈವಯ್ಯ ತೆಂಗಿನ್ಮರ್ದಷ್ಟು ಎತ್ರ ಇರ್ಬೇಕು ಅನ್ಕಂಡೆ. ಗಾಡಿ ಇಳ್ದು, ಜನದ ಸಂದೀಲಿ ನುಗ್ಗಿ ನೋಡ್ತೀನಿ..."

ಆಗಲೇ ಪಕ್ಕದ ಮನೆಯವರು ಹಾಲಿಗೆ ಹೆಪ್ಪು ಕೇಳಿಕೊಂಡು ಬಂದರು. ಅತ್ತೆ ಎದ್ದು ಹೋದರು. ಮಾವ ಬಾಗಿಲನ್ನೇ ನೋಡುತ್ತ ಕೂತರು, ನಾನೂ ನೋಡಿದೆ. ಹೆಪ್ಪಿನ ಮಾತು ಮಗಳ ಬಾಣಂತನಕ್ಕೆ ತಿರುಗಿ, ಕತೆ ಅಲ್ಲೇ ನಿಂತಿತು.

ಬುಧವಾರ ರಜೆ ಹಾಕಿ ನಾನೂ ಮಂಡಿಗೆ ಹೋದೆ. ನನ್ನ ಮರಸೇಬಿನ ಮರ್ಯಾದೆಯೂ ಅಲ್ಲಿತ್ತಲ್ಲ. ಸಾಹುಕಾರರ ಮಗ ಮೈಕನ್ನು ಕೈಯಲ್ಲೇ ಹಿಡಿದು ನಿಂತಿದ್ದ. ಮಾವ ಅವನ ಕಡೆ ನೋಡದೆ ಮೂಟೆ ಹತ್ತಿದರು. ಟವೆಲನ್ನು ಸೊಂಟಕ್ಕೆ ಬಿಗಿದುಕೊಂಡರು. ಮೊದಲ ಕೂಗು ಒಡೆದು ಎರಡಾಯಿತು. ಯಾರೋ ನಕ್ಕರು. ನಾನು ಉಗುರು ಕಚ್ಚಿಕೊಂಡೆ. ಮಾವ ಉಗುಳು ನುಂಗಿ, ಉಸಿರೆಳೆದು, ಮತ್ತೆ ಬಾಯಿ ತೆರೆದರು. "ಒಂದ್ ಸಾರೀ!" ಹಳೆ ಗಂಟಲು ಇಡಿಯಾಗಿ ಹೊರಬಂತು. ಮಲಯಾಳಿ ವ್ಯಾಪಾರಿ ನನ್ನ ಕಡೆ ತಿರುಗಿ "ನೋಡಿದ್ರಾ, ಚುಕ್ಕು ಕಾಪಿ" ಎಂದರು. ಅವರನ್ನು ಅಲ್ಲೇ ಒಂದು ಮೂಟೆಗೆ ಕಟ್ಟಿಹಾಕಬೇಕು ಅನ್ನಿಸಿತು. ಮೈಕು ಮತ್ತೆ ಡಬ್ಬಿ ಸೇರಿತು.

ನಾನು ಸುದ್ದಿ ತಂದಾಗ ಅತ್ತೆಗೆ ಸಂತೋಷವಾಯಿತು, ಆಮೇಲೆ ಮುಖ ಸ್ವಲ್ಪ ಇಳಿಯಿತು. "ಸರಿ. ಇನ್ಮೇಲೆ ಚೀನಾ ಅಜ್ಜಿಗೇನು ಕೆಲ್ಸ" ಎಂದು ಬೇಸಿನ್ನನ್ನು ಬಚ್ಚಲಿನಲ್ಲಿ ಬೋರಲು ಹಾಕಿದರು. ನನಗೆ ಆ ಗಂಟಲು ಇನ್ನೊಂದು ವಾರ ತಡೆದು ಬರಬಾರದಿತ್ತೇ ಅನ್ನಿಸಿತು.

ಸಂಜೆ ಮಾವ ಬಂದರು. ಓಣಿಯ ತುದಿಯಿಂದಲೇ ಅವರ ಮಾತು ಕೇಳುತ್ತಿತ್ತು. ಒಳಗೆ ಬಂದವರು ಟವೆಲನ್ನು ಮಂಚದ ಮೇಲೆ ಎಸೆಯದೆ ಹೆಗಲಲ್ಲೇ ಇಟ್ಟುಕೊಂಡು, ನಮ್ಮಿಬ್ಬರನ್ನೂ ಒಂದು ಸಲ ನೋಡಿದರು.

"ಅಲ್ಲ ಕಣಮ್ಮಿ, ನಿನ್ನ ಚೀನಾ ಅಜ್ಜಿ ತವ್ರುಮನೆ ಹರದನಹಳ್ಳಿ ತಾನೇ?" ಮನೆಯೆಲ್ಲ ಗುಡುಗಿತು. "ಹುಚ್ಚೆಳ್ಳು ಚಟ್ನಿ ದಿನಾನೇ ಗೊತ್ತಾಯ್ತು ನಂಗೆ."

ನಾನು ಅಡುಗೆಮನೆಗೆ ಓಡಲು ನೋಡಿದೆ. ಅತ್ತೆ ಜಗ್ಗಲಿಲ್ಲ. "ಗೊತ್ತಿದ್ರೆ ಯಾಕ್ ತಿಂದ್ರಿ?"

ಮಾವ ಬಚ್ಚಲಿಗೆ ಹೋಗಿ ತಾವೇ ಬೇಸಿನ್ನು ಎತ್ತಿ ತಂದರು, ಹಂಡೆಯಿಂದ ನೀರು ತೋಡಿಕೊಂಡರು, ಕಾಲು ಇಳಿಬಿಟ್ಟು ಕೂತರು. ಆಮೇಲೆ ಹೆಗಲ ಟವೆಲನ್ನು ಕೈ ಮೇಲೆ ಹೊದಿಸಿ ಅತ್ತೆಯ ಕಡೆ ಚಾಚಿದರು. ಊರಿಗೆಲ್ಲ ಕೇಳುವ ಗಂಟಲು ಇಟ್ಟುಕೊಂಡು ತುಟಿ ಬಿಗಿ ಹಿಡಿದಿದ್ದರು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಟವೆಲಿನ ಅಡಿಗೆ ಕೈ ಹಾಕಿದರು. ಈ ಸಲ ಬಹಳ ಹೊತ್ತು ತೆಗೆಯಲಿಲ್ಲ.

"ಏನಂತೆ ಅತ್ತೆ?" ಎಂದೆ.

"ನಿನ್ನೆ ಅರ್ಧಕ್ಕೆ ನಿಂತಿತ್ತಲ್ಲ, ಮುಂದಕ್ಕೆ ಹೇಳ್ಬೇಕಂತೆ." ಅತ್ತೆ ಮಾವನ ಎದುರಿಗೆ ಮಣೆ ಎಳೆದುಕೊಂಡು ಕೂತರು. "ನುಗ್ಗಿ ನೋಡ್ತೀನಿ, ಮೂಟೆ ಮೇಲೆ ಕಡ್ಡಿಯಂಗವ್ರೆ ಒಬ್ರು. ಗಾಳಿ ಬಂದ್ರೆ ಬಿದ್ದೋಗ್ಬೇಕು. ನಗು ತಡೆಯಕಾಗ್ನಿಲ್ಲ. ಆ ವರ್ಸ್ವೇ ನಿಮ್ಮನೆಯಿಂದ ಕೇಳ್ಕಂಡು ಬಂದ್ರಲ್ಲ, ನಮ್ಮವ್ವ ಹುಡ್ಗ ಬಲು ಸಣ್ಕ ಅಂತ ಬ್ಯಾಡ ಅಂದ್ಲು."

ಮಾವ ತಲೆ ಎತ್ತಿದರು. ಇದು ಅವರಿಗೆ ಗೊತ್ತಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು. ಆದರೂ ಬಾಯಿ ತೆರೆಯಲಿಲ್ಲ.

"ನಾನೇ ಅಂದೆ, ಅವ್ವ, ಆಳು ಸಣ್ಕ ಇದ್ರೆ ಇರ್ಲಿ ಬುಡು, ನಂಗೆ ಆ ಗಂಟ್ಲು ಸಾಕು ಅಂತ."