ಕಡ್ಡಿ ತಿರುಗಿಸಬೇಕೋ ಬೇಡವೋ

ನಮ್ಮ ಮನೆಯಲ್ಲಿ ತೀರ್ಪಿಲ್ಲದೆ ನಡೆದುಕೊಂಡು ಬಂದ ಚರ್ಚೆ ಒಂದೇ: ಬೈಕಿನ ಇಂಜಿನ್ ಆಯಿಲ್ ನೋಡುವುದು ಹೇಗೆ? ಇಂಜಿನ್ನಿನ ಬಲಗಡೆ ಒಂದು ಕಪ್ಪು ಬಿರಡೆ ಇರುತ್ತದೆ. ತಿರುಗಿಸಿ ಬಿಚ್ಚಿದರೆ ಅದರ ಜೊತೆಗೇ ಒಂದು ಕಡ್ಡಿ ಹೊರಬರುತ್ತದೆ. ಕಡ್ಡಿಯನ್ನು ಒರೆಸಿ, ಮತ್ತೆ ಅದ್ದಿ ತೆಗೆದಾಗ ಎಣ್ಣೆ ಅದರ ಮೇಲಿನ ಎರಡು ಗೆರೆಗಳ ನಡುವೆ ನಿಂತಿರಬೇಕು. ಇಲ್ಲಿಯವರೆಗೆ ಅಪ್ಪನಿಗೂ ನನಗೂ ಭಿನ್ನಾಭಿಪ್ರಾಯವಿಲ್ಲ. ಅದ್ದುವಾಗ ಬಿರಡೆಯನ್ನು ಪೂರ್ತಿ ತಿರುಗಿಸಿ ಬಿಗಿ ಮಾಡಬೇಕು ಎಂದು ಅಪ್ಪ. ತಿರುಗಿಸದೆ ಸುಮ್ಮನೆ ಬಾಯಿಯ ಮೇಲೆ ಕೂರಿಸಬೇಕು ಎಂದು ನಾನು. ನನ್ನ ಪರವಾಗಿ ಗಾಡಿಯ ಜೊತೆ ಕೊಟ್ಟ ಪುಸ್ತಕವಿತ್ತು.

"ಪುಸ್ತಕ ಬರ್ದೋನು ನಮ್ಮ ಅಂಗಳಕ್ಕೆ ಬಂದಿದ್ನಾ?" ಎಂದು ಅಪ್ಪ ಕೇಳುತ್ತಿದ್ದ.

ಅಂಗಳದ ಮಾತು ಸುಳ್ಳಲ್ಲ. ಗುರುಪುರದ ಪಕ್ಕದ ನಮ್ಮ ಊರಲ್ಲಿ ಮಳೆನೀರು ತಿಪ್ಪೆಯ ಕಡೆ ಹರಿಯಲೆಂದು ಅಂಗಳವನ್ನು ಇಳಿಜಾರು ಬಿಡುತ್ತಾರೆ. ಡಬಲ್ ಸ್ಟ್ಯಾಂಡ್ ಹಾಕಿದರೂ ಗಾಡಿ ಎಡಕ್ಕೆ ವಾಲುತ್ತದೆ. ಎಣ್ಣೆ ಆ ಕಡೆ ಸರಿದು, ಬಲಗಡೆಯ ಕಡ್ಡಿಗೆ ಕಮ್ಮಿ ಹತ್ತುತ್ತದೆ. ಬಿಗಿ ಮಾಡಿದರೆ ಕಡ್ಡಿ ಇನ್ನಷ್ಟು ಕೆಳಗಿಳಿದು ಜಾಸ್ತಿ ತೋರಿಸುತ್ತದೆ. ಅದಕ್ಕೂ ಇದಕ್ಕೂ ಸರಿಹೋಯಿತಲ್ಲ ಎಂಬುದು ಅಪ್ಪನ ವಾದ.

"ಎರಡು ತಪ್ಪು ಸೇರಿದ್ರೆ ಒಂದು ಸರಿ ಆಗಲ್ಲ ಕಣಪ್ಪ."

"ಆಗ್ದೆ ಏನು? ನೀನು ಕಾಲೇಜ್ನಾಗೆ ಚರ್ಚೆ ಮಾಡಿ ಕಪ್ಪು ಗೆದ್ದಿದ್ದು ಇನ್ನೆಂಗೆ?"

ನೋಡಿ ಮುಗಿದ ಮೇಲೆ ಕಡ್ಡಿಗೆ ಅಂಟಿದ ಎಣ್ಣೆಯನ್ನು ಅಪ್ಪ ಬಟ್ಟೆಗೆ ಒರೆಸಿ ಹಾಳು ಮಾಡುತ್ತಿರಲಿಲ್ಲ. ತಲೆಬಾಗಿಲು ಕಿರುಗುಟ್ಟದಿರಲೆಂದು ಅದರ ಕೀಲಿಗೆ ಒರೆಸುತ್ತಿದ್ದ.

ಹೋದ ಮಳೆಗಾಲ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಸೌದೆ ಜೋಡಿಸುತ್ತಿದ್ದ ಅಪ್ಪ ಅಲ್ಲೇ ಕುಸಿದ. ಲಕ್ವ. ಮೈಸೂರಿನ ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈಯೂ ಮಾತೂ ಇರಲಿಲ್ಲ. "ನಾವಾಡಿದ್ದು ಅವರಿಗೆ ಅರ್ಥ ಆಗುತ್ತೆ. ಮಾತಾಡಿಸ್ತಾ ಇರಿ. ಈಗ ಮಾತು ಬರದಿದ್ರೆ ಆಮೇಲೆ ಕಷ್ಟ," ಎಂದಿದ್ದರು ಡಾಕ್ಟರು.

ಅವ್ವ ಮಾತಾಡಿಸಿದಳು. ಊಟವೇ, ನೀರೇ, ಬಿಸಿಲಾಯಿತೇ ಎಂದೆಲ್ಲ. ಅಪ್ಪ ಗೋಡೆ ನೋಡುತ್ತಿದ್ದ. ನೆಂಟರು ಬಂದು ಹರಕೆ ಹೇಳಿದರು, ತಾಯತ ತಂದರು. ಮೊದಲಾಗಿದ್ದರೆ ತಾಯತಕ್ಕೂ ಮಿದುಳಿನ ನರಕ್ಕೂ ಏನು ಸಂಬಂಧ, ತೋರಿಸಿ ಎಂದು ಕೇಳುತ್ತಿದ್ದೆ. ಈಗ ನಾನೇ ಅಪ್ಪನ ತೋಳಿಗೆ ಕಟ್ಟಿದೆ. ನಂಬಿಕೆ ಬಂದಿತ್ತು ಎಂದಲ್ಲ. ಇಲ್ಲ ಅನ್ನುವುದಕ್ಕೂ ಒಳಗೆ ಏನಾದರೂ ಮಿಸುಕಬೇಕಲ್ಲ, ಮಿಸುಕುತ್ತಿರಲಿಲ್ಲ. ಅಳುವೂ ಬರಲಿಲ್ಲ. ತಲೆಬಾಗಿಲು ಕಿರುಗುಟ್ಟಲು ಶುರುವಾಗಿತ್ತು. ಅದು ಕೇಳಿಸುತ್ತಿತ್ತು, ಅಷ್ಟೆ.

ಒಂದು ಬೆಳಿಗ್ಗೆ ಅಪ್ಪನನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿ, ಗಾಡಿಯನ್ನು ಎದುರಿಗೆ ತಂದು ನಿಲ್ಲಿಸಿದೆ. ಚರ್ಚೆಗೆ ತಯಾರಾಗುವಾಗ ಎದುರಾಳಿಯ ವಾದವನ್ನೂ ನಾವೇ ಆಡಿ ನೋಡುವ ಅಭ್ಯಾಸವಿದೆ. ಹಾಗೆ ಎರಡೂ ಕಡೆ ನಾನೇ ಮಾತಾಡಿದೆ. ಅಪ್ಪನಾಗಿ, ಅಂಗಳ ಇಳಿಜಾರು ಕಣವ್ವ ಎಂದೆ. ಅಂಗಳ ಸರಿ ಮಾಡಿಸು, ಕಡ್ಡಿ ಯಾಕೆ ತಿರುಗಿಸುತ್ತೀಯ ಎಂದೂ ನಾನೇ ಅಂದೆ. ಅಪ್ಪನ ಪಾಲಿನದು ನನ್ನ ಬಾಯಲ್ಲಿ ಸಪ್ಪೆಯಾಗಿತ್ತು. "ಸೋತೆ ನೀನು," ಎಂದು ಕಡ್ಡಿಯನ್ನು ತಿರುಗಿಸದೆ ಅದ್ದಿ ತೋರಿಸಿದೆ. ಅಪ್ಪ ತಿಪ್ಪೆಯ ಕಡೆ ನೋಡುತ್ತಿದ್ದ.

ಕೆಲವು ದಿನ ಬಿಟ್ಟು, ಪಿರಿಯಾಪಟ್ಟಣದಿಂದ ಚಿಕ್ಕಪ್ಪ ಬಂದ. ಅಪ್ಪನ ತಮ್ಮ, ಕೂತಲ್ಲಿ ಕೂರುವವನಲ್ಲ. ನಿಂತ ಗಾಡಿ ಕೆಟ್ಟುಹೋಗುತ್ತದೆ ಎಂದು ಊರೆಲ್ಲ ಸುತ್ತಿಸಿಕೊಂಡು ಬಂದು, ಅಂಗಳದಲ್ಲಿ ಸೈಡ್ ಸ್ಟ್ಯಾಂಡಿಗೆ ಒರಗಿಸಿ, ಇಂಜಿನ್ನು ಬಿಸಿಯಿರುವಾಗಲೇ ಬಿರಡೆ ಬಿಚ್ಚಿ, ಕಡ್ಡಿ ಒರೆಸಿ, ತಿರುಗಿಸದೆ ಅದ್ದಿ ತೆಗೆದ. ಹಾಗೆ ವಾಲಿಸಿದರೆ ಎಣ್ಣೆಯೆಲ್ಲ ಎಡಕ್ಕೆ ಹೋಗುತ್ತದೆ. ಕಡ್ಡಿಯ ತುದಿ ಒಣಗಿತ್ತು.

"ಎಣ್ಣೆನೇ ಇಲ್ವಲ್ಲವ್ವ. ಕರ್ಪೂರದಂಗೆ ಆವಿಯಾಗೋಗದೆ. ಡಬ್ಬ ತತ್ತಾ, ಉಯ್ಯಾನ."

ತಪ್ಪು ಎಂದು ಗೊತ್ತಿತ್ತು. ಹೆಚ್ಚು ಎಣ್ಣೆ ಹುಯ್ದರೆ ಇಂಜಿನ್ನಿಗೆ ಕೇಡು ಎಂಬುದೂ ಗೊತ್ತಿತ್ತು. ಬಾಯಿ ತೆರೆಯಲು ಮನಸ್ಸಾಗಲಿಲ್ಲ. ಒಳಗೆ ಹೋಗಿ ಡಬ್ಬ ತಂದು, ಮುಚ್ಚಳ ಬಿಚ್ಚಿ ಚಿಕ್ಕಪ್ಪನ ಕೈಗೆ ಕೊಟ್ಟೆ.

ಆಗ ಕುರ್ಚಿಯ ಕೈಯ ಮೇಲೆ ಟಪಟಪ ಸದ್ದಾಯಿತು. ಅಪ್ಪನ ಎಡಗೈ. ಮುಖ ಕೆಂಪಗಾಗಿ ಬಾಯಿ ಒಂದು ಕಡೆಗೆ ಎಳೆದಿತ್ತು.

"ತಿ," ಎಂದ. ಸ್ವಲ್ಪ ಹೊತ್ತು ಬಿಟ್ಟು, "ತಿರ್ಸು."

ಚಿಕ್ಕಪ್ಪ ಡಬ್ಬ ಹಿಡಿದುಕೊಂಡೇ ನಿಂತ. "ಅಣ್ಣ ಮಾತಾಡ್ತು ಕಣತ್ಗೆ," ಎಂದ. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಬಾಗಿಲಿಗೆ ಒರಗಿ ಅಳತೊಡಗಿದಳು. ನನಗೆ ಆಗಲೂ ಅಳು ಬರಲಿಲ್ಲ. ಚಿಕ್ಕಪ್ಪನಿಂದ ಕಡ್ಡಿ ತೆಗೆದುಕೊಂಡೆ. ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿದೆ. ಎಣ್ಣೆ ಕೆಳಗಿಳಿಯಲಿ ಎಂದು ಕಾದೆವು. ಕಡ್ಡಿ ಒರೆಸಿ, ಅದ್ದಿ, ಅಪ್ಪ ಹೇಳಿದಂತೆ ಪೂರ್ತಿ ತಿರುಗಿಸಿ ತೆಗೆದೆ. ಎಣ್ಣೆ ಎರಡು ಗೆರೆಗಳ ನಡುವೆ ಇತ್ತು. ಕುರ್ಚಿಯ ಹತ್ತಿರ ಹಿಡಿದುಕೊಂಡು ಹೋಗಿ ತೋರಿಸಿದೆ. ಅಪ್ಪ ನೋಡಿ, ಕಣ್ಣು ಮುಚ್ಚಿ, ಹಿಂದಕ್ಕೆ ಒರಗಿದ.

ಒಪ್ಪಿಬಿಡು, ಪಾಪ, ಅಪ್ಪ ಗೆಲ್ಲಲಿ ಎಂದು ಅವ್ವನ ಮುಖ ಹೇಳುತ್ತಿತ್ತು. ಒಪ್ಪಿದರೆ ಚರ್ಚೆ ಮುಗಿಯುತ್ತದೆ. ಮುಗಿದ ಮೇಲೆ ಅಪ್ಪನಿಗೆ ಮತ್ತೆ ತಿಪ್ಪೆ, ಗೋಡೆ.

"ಇದು ಲೆಕ್ಕಕ್ಕಿಲ್ಲ ಕಣಪ್ಪ," ಎಂದೆ. ಗಾಡಿಯ ಬಳಿ ಕುಕ್ಕರಗಾಲಲ್ಲಿ ಕೂತು, ಕಡ್ಡಿ ಒರೆಸಿ, ಅಪ್ಪ ನೋಡುತ್ತಿರುವಂತೆಯೇ ತಿರುಗಿಸದೆ ಬಾಯಿಯ ಮೇಲೆ ಕೂರಿಸಿದೆ.

ಕುರ್ಚಿಯ ಕೈ ಮತ್ತೆ ಟಪಟಪ ಎಂದಿತು.