ಅಕ್ಕನ ಮೆಟ್ಟಿಲ ಕೆಳಗಿನ ಚಪ್ಪಲಿಗಳು

ಮೊನ್ನೆ ಸವಣೂರಿನ ಬಸ್ ನಿಲ್ದಾಣದಲ್ಲಿ ಇಳಿದವಳಿಗೆ ಮೊದಲು ಕಂಡದ್ದು ಹೊಸ ಬೋರ್ಡು: ‘ಮೆಟ್ಟಿಲ ಬಳಿ ಚಪ್ಪಲಿ ಬಿಡಬಾರದು.’ ಅದರ ಬುಡದಲ್ಲೇ ಚಪ್ಪಲಿಗಳ ರಾಶಿ. ನಗು ತಡೆಯಲಾಗಲಿಲ್ಲ ನೋಡಿ. ಈ ರಾಶಿಗೆ ಕಾರಣ ಸಾಕ್ಷಾತ್ ನಮ್ಮಕ್ಕ.

ನಿಲ್ದಾಣಕ್ಕೆ ಅಂಟಿಕೊಂಡೇ ಎದ್ದ ಮಾಳಿಗೆ ಕಟ್ಟಡದ ಮೆಟ್ಟಿಲು ಅದು. ಕೆಳಗೆ ಚಹಾ, ಖಾರಾ, ಎಲೆ ಅಡಿಕೆ. ಮೇಲೆ ವಕೀಲರು, ವಿಮೆಯವರು, ಜೆರಾಕ್ಸಿನವರು. ಅವರ ನಡುವೆ ಅಕ್ಕ ಜಂಪರು, ಅಂದರೆ ರವಿಕೆ, ಹೊಲಿಯುವ ಅಂಗಡಿ ಹಾಕಿದಾಗ ಅವಳ ಮಾವ ಒಂದೇ ಮಾತು ಹೇಳಿದ್ದರು: “ದೀಪಾವಳಿ ಮಟ ನೋಡವ್ವಾ. ಮಂದಿ ಹತ್ತಲಿಲ್ಲಂದ್ರ ಕೀಲಿ ಹಾಕಿ ಮನಿಗೆ ಬಂದ್ಬಿಡು.” ಕೆಟ್ಟವರಲ್ಲ ಅವರು. ಸೊಸೆ ನಗೆಗೀಡಾಗುವುದು ಬೇಡವಾಗಿತ್ತು, ಅಷ್ಟೇ. ಅಕ್ಕನಿಗೋ ಆ ಅಂಗಡಿಯೇ ಜೀವ.

ಮಂದಿ ಹತ್ತಲಿಲ್ಲ. ಹೆಂಗಸರು ಮೆಟ್ಟಿಲ ತನಕ ಬಂದು, ಕತ್ತೆತ್ತಿ ನೋಡಿ, “ಮ್ಯಾಲ ಆಫೀಸ್ ಅದಾವಂತ, ನಮಗ್ಯಾಕ ಬೇಕು” ಎಂದು ತಿರುಗಿ ಹೋಗುತ್ತಿದ್ದರು. ನಾನು ಶಿಗ್ಗಾಂವಿಯಿಂದ ಬಂದು ಜೊತೆಗೆ ಕೂರುತ್ತಿದ್ದೆ. ಗುಂಡಿ ಹಚ್ಚಲೂ ಬಾರದ ನನ್ನಿಂದ ಆಗುತ್ತಿದ್ದ ಸಹಾಯವೆಂದರೆ ಅವಳ ಪಾಲಿನ ಚಹಾವನ್ನೂ ಕುಡಿಯುವುದು.

ಒಂದು ಶುಕ್ರವಾರ ಅಕ್ಕ ಹೊಲಿಗೆ ಯಂತ್ರಕ್ಕೆ ಹೂ ಏರಿಸಿ, ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಕೂಗಿಯೇ ಬಿಟ್ಟಳು. “ಬಿಸಿಲಾಗ ಯಾಕ ನಿಂತೀರಿ? ಮ್ಯಾಲ ಬರ್ರಿ, ಲಕ್ಷ್ಮೀ ಪೂಜಿ ಐತಿ! ಬಸ್ ಬಂದ್ರ ನಾ ಹೇಳ್ತೇನಿ!”

ಪೂಜೆ ಎಂದದ್ದೇ ತಡ, ಇದು ಬಸ್ ನಿಲ್ದಾಣವೆಂಬುದನ್ನೂ ಮರೆತು ಎಲ್ಲರೂ ಕೆಳಗೇ ಚಪ್ಪಲಿ ಬಿಟ್ಟು ಹತ್ತಿದರು. ಬಸ್ಸಿಗೆ ಕಾಯುತ್ತಿದ್ದ ಬಂಕಾಪುರದ ಜೈನಾಬಿ ಚಾಚಿಯೂ ಹತ್ತಿದರು. ಕುಂಕುಮ ಹಚ್ಚಿಕೊಳ್ಳುವವರಿಗೆ ಕುಂಕುಮ, ಚಾಚಿಗೆ ಮಲ್ಲಿಗೆ ಮತ್ತು ಎಳೆ ವೀಳ್ಯದೆಲೆ. ಅಷ್ಟರಲ್ಲಿ ತಡಸದ ಬಸ್ಸೂ ಬಂಕಾಪುರದ ಬಸ್ಸೂ ಒಟ್ಟಿಗೇ ಬರಬೇಕೇ! ದಡದಡ ಇಳಿದು, ಸಿಕ್ಕಿದ್ದರಲ್ಲಿ ಕಾಲು ತೂರಿಸಿಕೊಂಡು ಎಲ್ಲರೂ ಓಡಿದರು.

ಒಬ್ಬರೂ ಬಟ್ಟೆ ಕೊಡದೆ ಹೋದರೆಂದು ಅಕ್ಕ ಅತ್ತೇಬಿಟ್ಟಳು. ಮರುದಿನ ಮೊದಲು ಹತ್ತಿದ್ದು ಚಾಚಿ. “ನಂದೊಂದು ಚಪ್ಲಿ ತಡಸಕ್ಕ ಹೋಗೈತಿ ಬೇ!” ಅದನ್ನು ಮೆಟ್ಟಿ ಹೋದ ತಡಸದವಳು ಬರುವ ತನಕ ಕಾಯುತ್ತ ಕುಳಿತವರು, ತೂಗುಹಾಕಿದ್ದ ಜಂಪರೊಂದನ್ನು ತಿರುವಿ ನೋಡಿದರು. “ಇದನ್ನ ಯಾರ ಹೊಲಿದಾರ?”

“ನಾನ ರೀ.”

“ಮತ್ತ ಇಷ್ಟ ದಿನಾ ಬಾಯಿ ಮುಚ್ಕೊಂಡು ಕುಂತಿದ್ದೇನ? ಅಳತಿ ತಗೋ!”

ತಡಸದವಳೂ ಬಂದಳು, ಅಳತೆ ಕೊಟ್ಟಳು. ಚಪ್ಪಲಿ ಹುಡುಕಿ ಬಂದವರೆಲ್ಲ ಬಟ್ಟೆ ಕೊಟ್ಟು ಹೋದರು.

ದೀಪಾವಳಿಯ ಹಿಂದಿನ ದಿನ ಮಾವ ಬೀಗ-ಕೀಲಿ ಹಿಡಿದೇ ಬಂದರು. ಕೆಳಗಿನಿಂದಲೇ ಅವರ ಧ್ವನಿ: “ಕಾಲಿಡಾಕ ಜಾಗಾ ಇಲ್ಲಲ್ಲವ್ವಾ!” ಮೇಲೆ ಬಂದು ನೋಡಿದರೆ ಕೂರಲೂ ಜಾಗವಿಲ್ಲ. ಬೀಗ-ಕೀಲಿಯನ್ನು ಅಕ್ಕನ ಕೈಗಿತ್ತರು. “ತಗೋ ಯವ್ವಾ, ಸಂಜೀಕ ಅಂಗಡಿ ಮುಚ್ಚುವಾಗ ಹಾಕ್ಕೋ. ಗಟ್ಟಿ ಐತಿ.” ನನಗಂತೂ ಎದೆ ಉಬ್ಬಿ ಬಂತು.

ಈಗ ಹಾನಗಲ್ಲು, ಹಿರೇಕೆರೂರಿನಿಂದಲೂ ಬರುತ್ತಾರೆ. ಮೊನ್ನೆ ಅಕ್ಕ ಕೇಳಿದಳು: “ಬೋರ್ಡ್ ಓದಿದಿ?”

“ಓದೀನಿ. ಅದರ ಕೆಳಗ ಬಿಟ್ಟೀನಿ.”

ಶಿಗ್ಗಾಂವಿಯ ಬಸ್ಸು ಬಂತು, ಇಳಿದು ಚಪ್ಪಲಿ ಮೆಟ್ಟಿ ಓಡಿ ಹತ್ತಿದೆ. ಬಂಕಾಪುರ ದಾಟಿದ ಮೇಲೆ ಕಾಲು ನೋಡಿಕೊಂಡರೆ ಎಡಗಾಲಿನದು ನನ್ನದಲ್ಲ! ಒಬ್ಬಳೇ ನಗುವುದನ್ನು ಕಂಡು ಕಂಡಕ್ಟರು, “ಏನಾತ್ರೀ ಅಕ್ಕಾರ?” ಎಂದ.

“ಏನಿಲ್ರಿ. ನಾಳೆ ಮತ್ತ ಸವಣೂರಿಗೆ ಹೋಗ್ಬೇಕು. ನಮ್ಮಕ್ಕನ ಅಂಗಡಿಗೆ.”

ಕೊನೆಯ ಮಾತನ್ನು ಇಡೀ ಬಸ್ಸಿಗೆ ಕೇಳುವಂತೆ ಹೇಳಿದೆ.